ಮಾತಿಗೆ ಮುನ್ನ ಕಿವಿಯ ಪಾಠ

ಮಾತು ಬಾರದ ಕೂಸು ಎನ್ನುತ್ತೇವೆ. ಬಾಯಿಯ ಮಟ್ಟಿಗೆ ಅದು ನಿಜ, ಕಿವಿಯ ಮಟ್ಟಿಗೆ ಹಾಗೆನ್ನುವಂತಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲೇ ತಾಯಿಯ ದನಿ ಮಗುವಿಗೆ ಕೇಳಿಸುತ್ತಿರುತ್ತದೆ. ಹುಟ್ಟಿ ಮೂರು ದಿನವೂ ತುಂಬದ ಶಿಶು ಬೇರೊಬ್ಬ ಹೆಂಗಸಿನ ದನಿಗಿಂತ ಹೆತ್ತವಳ ದನಿಯನ್ನೇ ಬಯಸುತ್ತದೆಂದು 1980ರಲ್ಲಿ ಅಮೆರಿಕದ ಆಂಟನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ತೋರಿಸಿಕೊಟ್ಟರು. ಶಿಶುವಿನ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟು, ಚೀಪುವ ಲಯ ಬದಲಿಸಿದರೆ ತಾಯಿಯ ದನಿ ಕೇಳಿಸುವಂತೆ ಏರ್ಪಾಡು ಮಾಡಿದ್ದರು. ಶಿಶುಗಳು ಲಯ ಬದಲಿಸಿದವು!

ಇದಕ್ಕಿಂತ ಸೋಜಿಗದ ಸಂಗತಿ ನಮ್ಮ ಅಕ್ಷರಮಾಲೆಗೇ ಸಂಬಂಧಿಸಿದ್ದು. ‘ಕತ್ತು’ ಬೇರೆ, ‘ಕಟ್ಟು’ ಬೇರೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ‘ತ’ ಎನ್ನುವಾಗ ನಾಲಗೆ ಹಲ್ಲಿಗೆ ತಾಗುತ್ತದೆ, ‘ಟ’ ಎನ್ನುವಾಗ ಮಡಿಚಿಕೊಂಡು ಮೇಲೇಳುತ್ತದೆ. ಇಂಗ್ಲಿಷ್ ಮಾತ್ರ ಬಲ್ಲವರ ಕಿವಿಗೆ ಈ ಭೇದ ಸುಲಭಕ್ಕೆ ದಕ್ಕುವುದಿಲ್ಲ. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಹಿಂದಿಯ ಈ ಎರಡು ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಧ್ವನಿ ಬದಲಾದೊಡನೆ ಕೂಸು ತಲೆ ಹೊರಳಿಸಿದರೆ ಪೆಟ್ಟಿಗೆಯೊಳಗೆ ದೀಪ ಹೊತ್ತಿ ಆಟಿಕೆಯ ಪ್ರಾಣಿಯೊಂದು ಕುಣಿಯುತ್ತಿತ್ತು. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಸರಿಯಾಗಿ ಹೊರಳಿದವು. ಹತ್ತರಿಂದ ಹನ್ನೆರಡು ತಿಂಗಳಿನವುಗಳಲ್ಲಿ ಹಾಗೆ ಮಾಡಿದವು ಕೆಲವೇ ಕೆಲವು. ಹಿಂದಿ ಮನೆಯ ಕೂಸುಗಳು ಮಾತ್ರ ವರ್ಷ ತುಂಬುವಾಗಲೂ ತಪ್ಪಲಿಲ್ಲ. ಇದು ಪ್ರಕಟವಾದದ್ದು 1984ರಲ್ಲಿ.

ಅಂದರೆ ಕೂಸು ಯಾವ ನಾಡಿನ ನುಡಿಗಾದರೂ ಸಿದ್ಧವಾಗಿ ಬಂದಿರುತ್ತದೆ. ಮನೆಯಲ್ಲಿ ಕೇಳಿಸದ ಭೇದಗಳನ್ನು ಬಿಟ್ಟುಕೊಡುತ್ತ, ಕೇಳಿಸುವುದನ್ನು ಹರಿತ ಮಾಡಿಕೊಳ್ಳುತ್ತದೆ. ನಾವೂ ಹೀಗೆ ಬಿಟ್ಟುಕೊಟ್ಟವರೇ. ಇಂಗ್ಲಿಷಿನಲ್ಲಿ ದ್ರಾಕ್ಷಿಯ ಬಳ್ಳಿಗೊಂದು ಪದ, ಅದರ ಮದ್ಯಕ್ಕೆ ಇನ್ನೊಂದು. ಕನ್ನಡದಲ್ಲಿ ಬರೆದರೆ ಎರಡೂ ‘ವೈನ್’. ಕುಡಿದವರಿಗಷ್ಟೇ ವ್ಯತ್ಯಾಸ ಗೊತ್ತು.

ಹಾಗಾದರೆ ಮಾತು ಕಿವಿಗೆ ಬಿದ್ದರೆ ಸಾಕೆ? ಸಾಲದು. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಬತ್ತು ತಿಂಗಳ ಕೂಸುಗಳೊಡನೆ ಚೀನೀ ಭಾಷಿಕರು 12 ಬಾರಿ ಕೂತು ಆಡಿದರು, ಪುಸ್ತಕ ಓದಿದರು. ಆ ಕೂಸುಗಳು ಚೀನೀ ಧ್ವನಿಗಳ ಭೇದವನ್ನು ಹಿಡಿದವು. ಅದೇ ಜನ, ಅದೇ ಮಾತನ್ನು ಟಿ.ವಿ. ಪರದೆಯಲ್ಲಿ ಕಂಡ ಕೂಸುಗಳು ಏನನ್ನೂ ಕಲಿಯಲಿಲ್ಲ. ಮೊಬೈಲ್ ಹಿಡಿಸಿ ತುತ್ತು ತುರುಕುವವರು ಇದನ್ನು ಗಮನಿಸಬೇಕು. ಅಮ್ಮ ಚಂದಮಾಮನನ್ನು ತೋರಿಸುವಾಗ ಕೂಸು ಅವಳ ಬೆರಳು ಹೋದತ್ತ ನೋಡಿ, ತಿರುಗಿ ಅವಳ ಮುಖ ನೋಡುತ್ತದೆ. ತಾನು ಕಂಡದ್ದನ್ನೇ ಇನ್ನೊಬ್ಬರೂ ಕಾಣುತ್ತಿದ್ದಾರೆ ಎಂಬ ಅರಿವು ಅದು. ವರ್ಷದ ಆಸುಪಾಸಿನಲ್ಲಿ ತಾನೇ ಬೆರಳು ತೋರಿಸತೊಡಗುತ್ತದೆ. ಯೋಚನೆಯೂ ಮಾತೂ ಜೊತೆಗೂಡುವುದು ಇಲ್ಲಿ. ‘ಅಕ್ಕ’ ಎನ್ನಲು ಹೋಗಿ ‘ಅತ್ತ’ ಎಂದರೂ ಚಿಂತೆಯಿಲ್ಲ, ನಾಲಗೆ ನಿಧಾನವಾಗಿ ಪಳಗುತ್ತದೆ.

ಚಿಂತಿಸಬೇಕಾದದ್ದು ಕಿವಿ ಕೇಳದ ಕೂಸಿನ ಬಗ್ಗೆ. ಅದೂ ಮೊದಲ ತಿಂಗಳುಗಳಲ್ಲಿ ಎಲ್ಲ ಕೂಸುಗಳಂತೆ ‘ಆ... ಊ...’ ಎನ್ನುತ್ತದೆ, ಕೇಕೆ ಹಾಕುತ್ತದೆ. ಮನೆಯವರಿಗೆ ಸಂಶಯವೇ ಬರುವುದಿಲ್ಲ. ಅಲ್ಪಸ್ವಲ್ಪ ಕೇಳುವ ಕೂಸಾದರೆ ತಟ್ಟೆ ಬಿದ್ದಾಗ ಬೆಚ್ಚುತ್ತದೆ, ಆದರೆ ಮಾತು ಅದಕ್ಕೆ ತಲುಪುತ್ತಿರುವುದಿಲ್ಲ. ‘ಬಬಬ’, ‘ತತತ’ ಎಂಬ ತೊದಲು ಹೊತ್ತಿಗೆ ಸರಿಯಾಗಿ ಬಾರದಿದ್ದಾಗಲೂ, “ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಬಿಡಿ” ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಕಿವಿ ತನ್ನ ಪಾಠದ ಬಹುಪಾಲನ್ನು ಮುಗಿಸಬೇಕಾದ ವರ್ಷ ಹಾಗೆಯೇ ಕಳೆದುಹೋಗುತ್ತದೆ.

ಕಿವಿಯೊಂದೇ ದಾರಿಯೂ ಅಲ್ಲವೆನ್ನಿ. ಕೈಸನ್ನೆಯ ಭಾಷೆ ಬಳಸುವ ತಂದೆತಾಯಿಯರ ಕಿವುಡು ಕೂಸುಗಳು ಕೈಯಲ್ಲೇ ತೊದಲುವುದನ್ನು ಲಾರಾ ಪೆಟಿಟೊ ಮತ್ತು ಪೌಲಾ ಮಾರೆಂಟೆಟ್ 1991ರಲ್ಲಿ ವರದಿ ಮಾಡಿದ್ದಾರೆ. ಶ್ರವಣ ಸಾಧನವೋ, ಸನ್ನೆಯೋ, ಭಾಷೆ ಬೇಗ ಕೂಸನ್ನು ಮುಟ್ಟಬೇಕು. ಅದಕ್ಕೆ ದೋಷ ಬೇಗ ತಿಳಿಯಬೇಕು. ನವಜಾತ ಶಿಶುವಿನ ಶ್ರವಣ ತಪಾಸಣೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಅನೇಕ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಕಿವಿಯೊಳಗೊಂದು ಪುಟ್ಟ ಬಿರಡೆಯಿಟ್ಟು ಮೆಲ್ಲನೆ ಸದ್ದು ಕಳಿಸುತ್ತಾರೆ. ಒಳಗಿವಿ ಆರೋಗ್ಯವಾಗಿದ್ದರೆ ಕ್ಷೀಣವಾದ ಮರುದನಿಯೊಂದನ್ನು ತಾನೇ ಹೊರಡಿಸುತ್ತದೆ, ಯಂತ್ರ ಅದನ್ನು ಗುರುತಿಸುತ್ತದೆ. ಕೆಲವು ನಿಮಿಷಗಳ ಕೆಲಸ. ಕೂಸನ್ನು ಎಬ್ಬಿಸಬೇಕಾಗಿಯೂ ಇಲ್ಲ, ನಿದ್ದೆಯಲ್ಲಿದ್ದರೇ ಒಳ್ಳೆಯದು.