ಶಿರಾ ಗೇಟ್ ಸಸ್ಯಕ್ಷೇತ್ರದ ಶ್ರಮಸೇವೆ: ಅಪರೂಪದ ನಾಡಗಿಡಗಳನ್ನು ಬೆಳೆಸುವ ಬಗೆ



ಶಿರಾ ಗೇಟ್ ಬಳಿಯ ಸಸ್ಯಕ್ಷೇತ್ರದಲ್ಲಿ ಭಾನುವಾರಗಳಂದು ನಡೆಯುತ್ತಿರುವ ಶ್ರಮಸೇವೆಯ ಬಗ್ಗೆ ಅನೇಕರು ಕಾರ್ಯಾಲಯಕ್ಕೆ ಬಂದು ವಿಚಾರಿಸುತ್ತಿದ್ದಾರೆ. ಸಸಿ ಬೇಕಾದರೆ ಅರಣ್ಯ ಇಲಾಖೆಯಲ್ಲಿಯೂ ಖಾಸಗಿ ನರ್ಸರಿಗಳಲ್ಲಿಯೂ ದೊರೆಯುತ್ತದೆ, ಮಠದವರು ಬೇರೆ ಏಕೆ ಬೆಳೆಸಬೇಕು ಎಂಬುದು ಹೆಚ್ಚಿನವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ತೇಗ, ಸಿಲ್ವರ್ ಓಕ್, ಮಹಾಗನಿ ಸಸಿಗಳನ್ನು ನಾವು ಬೆಳೆಸುವ ಅಗತ್ಯವಿಲ್ಲ. ಕೇಳುವವರಿರುವುದರಿಂದ ಅವುಗಳನ್ನು ಬೆಳೆಸುವವರೂ ಇದ್ದಾರೆ. ಹಿಪ್ಪೆ, ಕಮರ, ಮಾಕಳಿಗಳನ್ನು ಕೇಳುವವರು ವಿರಳ, ಆದ್ದರಿಂದ ಬೆಳೆಸುವವರೂ ವಿರಳ. ಸಸಿಯೇ ಕಣ್ಣಿಗೆ ಬೀಳದ ಮೇಲೆ ಹೊಸ ತಲೆಮಾರಿನವರು ಕೇಳುವುದಾದರೂ ಹೇಗೆ?

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಎರಡು ವರ್ಷಗಳ ಹಿಂದೆ ಆಷಾಢದಲ್ಲಿ ಭಕ್ತರೊಬ್ಬರು ತಮ್ಮ ಊರಿನ ಗುಂಡುತೋಪಿನಲ್ಲಿ ಉಳಿದಿದ್ದ ಹಿಪ್ಪೆ ಮರಗಳ ಕೆಳಗೆ ಆಯ್ದು ಅರ್ಧ ಚೀಲ ಬೀಜ ತಂದುಕೊಟ್ಟರು. ಬೀಜ ಬಿತ್ತುವ ಕಾರ್ಯವನ್ನು ಸಮಾರಂಭವಾಗಿ ನಡೆಸೋಣ, ಗಣ್ಯರೊಬ್ಬರಿಂದ ಉದ್ಘಾಟನೆಯಾಗಲಿ ಎಂದು ನಾನೇ ಸೂಚಿಸಿದೆ. ಗಣ್ಯರ ದಿನಾಂಕ ಎರಡು ಬಾರಿ ಮುಂದಕ್ಕೆ ಹೋಯಿತು. ಚೀಲ ಕಾರ್ಯಾಲಯದ ಮೂಲೆಯಲ್ಲಿ ಒಂದು ತಿಂಗಳು ಉಳಿಯಿತು. ಕೊನೆಗೆ ಫಲಕ, ಹಾರ, ಛಾಯಾಚಿತ್ರಗಳೊಂದಿಗೆ ಬಿತ್ತಿದ ಆ ಬೀಜಗಳಲ್ಲಿ ಒಂದೂ ಮೊಳೆಯಲಿಲ್ಲ. ತಂದುಕೊಟ್ಟ ಹಿರಿಯರು ಮಡಿಯ ಮುಂದೆ ನಿಂತು, "ಸ್ವಾಮಿ, ಬಿದ್ದ ವಾರದೊಳಗೆ ಮಣ್ಣಿಗೆ ಹಾಕಬೇಕಿತ್ತು" ಎಂದಷ್ಟೇ ಹೇಳಿ ಹೊರಟರು. ಅಂದಿನಿಂದ ನಮ್ಮಲ್ಲಿ ಬಿತ್ತನೆಗೆ ಸಮಾರಂಭವಿಲ್ಲ.

ಅವರ ಮಾತಿನ ಹಿಂದಿನ ಕಾರಣವನ್ನು ಸೇವೆಗೆ ಬರುವವರು ತಿಳಿದಿರಬೇಕು. ರಾಗಿ, ಅವರೆಗಳನ್ನು ಒಣಗಿಸಿ ವರ್ಷಗಟ್ಟಲೆ ಇಟ್ಟು ಅಭ್ಯಾಸವಾದ ನಮಗೆ ಬೀಜವೆಂದರೆ ಕೂಡಿಡುವ ವಸ್ತು. ಹಿಪ್ಪೆಯ ಬೀಜ ಹಾಗಲ್ಲ. ಅದರೊಳಗಿನ ತೇವವೇ ಅದರ ಜೀವ. ಒಣಗಿದರೆ ಸಾಯುತ್ತದೆ, ಚೀಲದಲ್ಲಿ ಕಟ್ಟಿಟ್ಟರೆ ಬೂಸರು ಹಿಡಿಯುತ್ತದೆ. ಬಿಲ್ವದ ಕಾಯನ್ನು ಒಡೆದ ಬಳಿಕ ಬೀಜಕ್ಕೆ ಅಂಟಿದ ಲೋಳೆಯನ್ನು ಚೆನ್ನಾಗಿ ತೊಳೆದು ತಡಮಾಡದೆ ಬಿತ್ತಬೇಕು. ಮುತ್ತುಗವೂ ಬಹುಕಾಲ ತಾಳದು. ಅಂಟುವಾಳದ ಸ್ವಭಾವ ಇದಕ್ಕೆ ವಿರುದ್ಧ: ಚಿಪ್ಪು ಕಲ್ಲಿನಂತೆ ಗಟ್ಟಿ, ತುಸು ಉಜ್ಜಿ ನೀರಿನಲ್ಲಿ ನೆನೆಸದಿದ್ದರೆ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ. ಒಂದೊಂದು ಗಿಡದ ಹದವೂ ಬೇರೆ.

ಕಮರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡನ್ನು 2019ರಲ್ಲಿ ಚಿಂಕಾರಾ ವನ್ಯಜೀವಿಧಾಮವೆಂದು ಸರ್ಕಾರ ಘೋಷಿಸಿತು. ಆ ಒಣ ಕಾಡಿನಲ್ಲಿ ಕಮರ ಇಂದಿಗೂ ನಿಂತಿದೆ. ನಮ್ಮ ದೇಶದ ಅತ್ಯಂತ ಗಟ್ಟಿಯಾದ, ಭಾರವಾದ ಮರಗಳಲ್ಲಿ ಅದೂ ಒಂದು. ಎಲೆ ದನಕರುಗಳಿಗೆ ಮೇವು, ತೊಗಟೆಯ ನಾರಿನಿಂದ ಹಗ್ಗ. ಮಳೆ ಕಡಿಮೆಯಾದ ನೆಲದಲ್ಲಿ ಅದು ಬದುಕುವುದು ಆಳಕ್ಕಿಳಿಯುವ ತಾಯಿಬೇರಿನ ಬಲದಿಂದ. ನರ್ಸರಿಯಲ್ಲಿ ತೊಂದರೆ ಕೊಡುವುದೂ ಅದೇ ಬೇರು. ಮೇಲೆ ನಾಲ್ಕು ಎಲೆ ಕಾಣುವಷ್ಟರಲ್ಲಿ ಬೇರು ಚೀಲದ ತಳ ಮುಟ್ಟಿ ಸುರುಳಿ ಸುತ್ತಿಕೊಳ್ಳುತ್ತದೆ. ಅಂತಹ ಸಸಿಯನ್ನು ಹೊಲದಲ್ಲಿ ನೆಟ್ಟರೆ ಎರಡನೆಯ ಬೇಸಿಗೆಯನ್ನು ದಾಟುವುದು ಕಷ್ಟ. ಆದ್ದರಿಂದ ಕಮರಕ್ಕೆ ಉದ್ದನೆಯ ಚೀಲ ಬೇಕು, ಆಗಾಗ ಎತ್ತಿ ಸ್ಥಳ ಬದಲಿಸಬೇಕು. ಸಾವಿರ ಚೀಲಗಳನ್ನು ಎತ್ತಿ ಇಡುವುದೇ ನಮಗೆ ಅತ್ಯಂತ ಹೆಚ್ಚು ಕೈಗಳು ಬೇಕಾದ ಕೆಲಸ. ಇದರಲ್ಲಿ ಛಾಯಾಚಿತ್ರಕ್ಕೆ ಒದಗುವಂಥದ್ದೇನೂ ಇಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಶ್ರೀಗಂಧದ ಚೀಲಗಳಲ್ಲಿ ಪಕ್ಕದಲ್ಲೊಂದು ತೊಗರಿ ಗಿಡ ಕಾಣುತ್ತದೆ. ಅದು ಕಳೆಯಲ್ಲ. ಗಂಧವು ತನಗೆ ಬೇಕಾದ ಆಹಾರದ ಒಂದು ಪಾಲನ್ನು ನೆರೆಯ ಗಿಡದ ಬೇರಿನಿಂದ ಹೀರಿಕೊಳ್ಳುತ್ತದೆ. ಒಂಟಿಯಾಗಿ ಬೆಳೆಸಿದರೆ ಸೊರಗುತ್ತದೆ. ಕಳೆದ ವರ್ಷ ಬಹಳ ಉತ್ಸಾಹದಿಂದ ಬಂದ ಯುವಕರ ತಂಡವೊಂದು ಒಂದು ಮುಂಜಾನೆಯಲ್ಲಿ ಇಡೀ ಸಾಲಿನ ತೊಗರಿಯನ್ನು ಕಿತ್ತು ಅಚ್ಚುಕಟ್ಟುಗೊಳಿಸಿತು. ಅವರನ್ನು ದೂರುವಂತಿಲ್ಲ, ಹೇಳಿಕೊಡದಿದ್ದುದು ನಮ್ಮ ದೋಷ. ಸ್ವಂತ ಜಮೀನಿನಲ್ಲಿ ಗಂಧ ಬೆಳೆಯಲು ಹೆದರುವವರು ಇನ್ನೂ ಇದ್ದಾರೆ. 2001ರ ಕಾನೂನು ತಿದ್ದುಪಡಿಯ ನಂತರ ಆ ಮರಕ್ಕೆ ಜಮೀನಿನ ಒಡೆಯನೇ ಒಡೆಯ. ಕಡಿಯುವುದಕ್ಕೆ ಮಾತ್ರ ಅನುಮತಿ ಬೇಕು.

ಮಾಕಳಿ ಬೇರಿನ ಉಪ್ಪಿನಕಾಯಿಯನ್ನು ಬಲ್ಲವರಿಗೆ ಅದರ ಘಮವನ್ನು ವರ್ಣಿಸಬೇಕಾಗಿಲ್ಲ. ನಮ್ಮ ಮನೆಯಲ್ಲಿಯೂ ಮಜ್ಜಿಗೆಯಲ್ಲಿ ನೆನೆಸಿದ ಮಾಕಳಿಯ ಭರಣಿ ಇರುತ್ತಿತ್ತು, ಅದು ಎಲ್ಲಿಂದ ಬರುತ್ತದೆಂದು ನಾವು ಯಾರೂ ಕೇಳಿದವರಲ್ಲ. ಅದು ಬೆಟ್ಟದ ಬಂಡೆಗಳ ಸಂದಿನಲ್ಲಿ ಬೆಳೆಯುವ ಬಳ್ಳಿ. ಎಲೆಯನ್ನೋ ಕಾಯನ್ನೋ ಕಿತ್ತರೆ ಬಳ್ಳಿ ಉಳಿದೀತು. ಇಲ್ಲಿ ಬೇರನ್ನೇ ಅಗೆಯುವುದರಿಂದ ಒಂದೊಂದು ಭರಣಿಗೂ ಬಳ್ಳಿಗಳೇ ಹೋಗುತ್ತವೆ. ಬೀಜ ಕಟ್ಟುವ ಮೊದಲೇ ಅಗೆದರಂತೂ ಅದರ ಸಂತತಿಯೂ ಅಲ್ಲಿಗೆ ಮುಗಿಯಿತು. ಜಗತ್ತಿನ ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿ ಇಂದು ಮಾಕಳಿಯ ಹೆಸರಿದೆ. ಎಕ್ಕದ ಬೀಜದಂತೆ ಇದರ ಬೀಜಕ್ಕೂ ರೇಷ್ಮೆಯ ಕುಚ್ಚಿರುತ್ತದೆ. ಕಾಯಿ ಬಿರಿದು ಗಾಳಿಗೆ ಹಾರುವ ಮುನ್ನ ಸಂಗ್ರಹಿಸಬೇಕು. ತೋಟದ ಬೇಲಿಯ ಮೇಲೆ ಹಬ್ಬಿಸಲು ಒಪ್ಪುವ ರೈತರಿಗೆ ಈ ಸಸಿಗಳನ್ನು ಕೊಡುತ್ತಿದ್ದೇವೆ. ಬೆಟ್ಟದಿಂದ ಅಗೆದು ತಂದ ಬಳ್ಳಿಯನ್ನು, ಭಕ್ತಿಯಿಂದ ತಂದರೂ ಸರಿ, ಸ್ವೀಕರಿಸುವುದಿಲ್ಲ. ದೇವರಾಯನದುರ್ಗ, ಬುಕ್ಕಾಪಟ್ಟಣಗಳ ಕಾಡಿನಿಂದ ಬೀಜವನ್ನೂ ತರಬಾರದು. ಹೊಲದ ಬದು, ಗುಂಡುತೋಪು, ಸ್ವಂತ ತೋಟಗಳಷ್ಟೇ ನಮ್ಮ ಮೂಲ.

ಬೀಜ ತರುವವರು ಒಂದೇ ದೊಡ್ಡ ಮರದ ಕೆಳಗೆ ಚೀಲ ತುಂಬಿಸಿ ಬರುವುದುಂಟು. ಹಾಗೆ ಮಾಡದೆ ಸಾಧ್ಯವಾದಷ್ಟು ಮರಗಳಿಂದ ಸ್ವಲ್ಪ ಸ್ವಲ್ಪ ತರಬೇಕು. ಒಂದೇ ಮರದ ಮಕ್ಕಳಾದರೆ ಒಂದು ರೋಗಕ್ಕೆ ಎಲ್ಲವೂ ತುತ್ತಾಗಬಹುದು. ಹಣ್ಣಿನ ತಳಿಗಳ ಲೆಕ್ಕ ಬೇರೆ. ಗುಬ್ಬಿ ತಾಲ್ಲೂಕಿನ ಚೇಳೂರಿನ "ಸಿದ್ದು" ಹಲಸನ್ನು ನೀವೆಲ್ಲ ಕೇಳಿದ್ದೀರಿ. ಸುಮಾರು ಎರಡೂವರೆ ಕಿಲೋ ತೂಗುವ ಚಿಕ್ಕ ಹಣ್ಣು, ತಾಮ್ರಗೆಂಪು ತೊಳೆ. ಅದರ ಬೀಜ ಬಿತ್ತಿದರೆ ಅದೇ ಹಣ್ಣು ಬರುವ ಭರವಸೆಯಿಲ್ಲ. ಆದ್ದರಿಂದಲೇ ನಮ್ಮ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಕಸಿ ಕಟ್ಟಿ ಸಸಿ ಮಾಡಿದರು, ಮರವನ್ನು ಉಳಿಸಿಕೊಂಡು ಬಂದ ಕುಟುಂಬಕ್ಕೆ ಸಸಿ ಮಾರಾಟದಲ್ಲಿ ಪಾಲನ್ನೂ ಕೊಟ್ಟರು. ಹಿತ್ತಲಿನ ಒಂದು ಮರ ನಾಡಿಗೆಲ್ಲ ಹೋಯಿತು. ಅದನ್ನು ಎಂದೋ ಕಡಿದು ಸೌದೆ ಮಾಡಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ನಿಮ್ಮ ಊರಿನಲ್ಲಿ ರುಚಿಗೆ ಹೆಸರಾದ ಹಲಸು, ಹುಣಸೆ, ನೇರಳೆ ಇದ್ದರೆ ಕಡಿಯುವ ಮುನ್ನ ದಯವಿಟ್ಟು ಒಂದು ಮಾತು ತಿಳಿಸಿ.

ಜೂನ್ ತಿಂಗಳಿನಲ್ಲಿ ನಮ್ಮಲ್ಲಿ ನಿಲ್ಲಲು ಜಾಗವಿಲ್ಲದಷ್ಟು ಜನ. ಮಾರ್ಚ್‌ನಿಂದ ಮೇವರೆಗೆ, ಸಸಿಗಳಿಗೆ ದಿನಕ್ಕೆರಡು ಬಾರಿ ನೀರು ಬೇಕಾದ ಕಾಲದಲ್ಲಿ, ಮೂವರೋ ನಾಲ್ವರೋ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರೂ ಅವರ ಪತಿಯೂ ಹುಲಿಕಲ್ಲಿನ ದಾರಿಯಲ್ಲಿ ಮೊದಲ ವರ್ಷ ನೆಟ್ಟದ್ದು ಹತ್ತು ಆಲದ ಸಸಿ ಮಾತ್ರ. ಅವಕ್ಕೆ ಕೊಡದಲ್ಲಿ ನೀರು ಹೊತ್ತರು, ದನ ತಿನ್ನದಂತೆ ಮುಳ್ಳಿನ ಬೇಲಿ ಕಟ್ಟಿದರು. ನಮಗೆ ಬೇಕಾಗಿರುವುದು ಇಂತಹ ಬೇಸಿಗೆಯ ಕಾಯಕಕ್ಕೆ ಒಪ್ಪುವ ಹದಿನೈದು ಮಂದಿ.

ಸೇವೆ ಪ್ರತಿ ಭಾನುವಾರ ಬೆಳಿಗ್ಗೆ 7ರಿಂದ 10ರವರೆಗೆ, ನಂತರ ಪ್ರಸಾದ. ಮಕ್ಕಳನ್ನು ಧಾರಾಳವಾಗಿ ಕರೆತನ್ನಿ. ಚೀಲಕ್ಕೆ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬುವುದರಲ್ಲಿ ಅವರು ನಮಗಿಂತ ಚುರುಕು. ಬೀಜ ತಂದವರು ಮರದ ಹೆಸರು, ಊರು, ಆಯ್ದ ದಿನಾಂಕಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಹಿಪ್ಪೆ ಬೀಜವನ್ನು ಮಾತ್ರ ಭಾನುವಾರದವರೆಗೆ ಇಟ್ಟುಕೊಳ್ಳದೆ ಸಿಕ್ಕಿದ ದಿನವೇ ಕಾರ್ಯಾಲಯಕ್ಕೆ ತಲುಪಿಸಿ. ನಾನು ಇಲ್ಲದಿದ್ದರೂ ಕಾವಲುಗಾರರು ತೆಗೆದುಕೊಂಡು ಅಂದೇ ಬಿತ್ತುತ್ತಾರೆ.