ಕೊರೆಯುವವನ ಕೂಲಿ, ಕೊರೆಸುವವನ ಪಣ

ನಮ್ಮ ಬಾಣಸವಾಡಿಯ ಯಾವ ಬೀದಿಗಾದರೂ ಕೊಳವೆಬಾವಿ ಕೊರೆಯುವ ಲಾರಿ ಬಂದು ನಿಂತಿತೆಂದರೆ ಆ ರಾತ್ರಿ ನೆರೆಹೊರೆಗೆ ನಿದ್ರೆಯಿಲ್ಲ. ಕಿವಿಗಡಚಿಕ್ಕುವ ಸದ್ದು, ಕಿಟಕಿ ಬಾಗಿಲುಗಳಿಗೆ ಮೆತ್ತಿಕೊಳ್ಳುವ ಬಿಳಿಯ ಕಲ್ಲುಪುಡಿ, ಲಾರಿಯ ಪಕ್ಕದಲ್ಲಿ ಕೈಕಟ್ಟಿ ನಿಂತ ಮನೆಯ ಯಜಮಾನ. 400 ಅಡಿ ಆಯಿತು, 800 ಅಡಿ ಆಯಿತು. ನೀರು ಚಿಮ್ಮಿದರೆ ಗಂಗೆಪೂಜೆ. ಇಲ್ಲವಾದರೆ ಬರಿಯ ಧೂಳು. ಎರಡರಲ್ಲಿ ಯಾವುದೇ ಆದರೂ ಕೊರೆದವರಿಗೆ ಅಡಿ ಲೆಕ್ಕದ ಹಣವನ್ನು ಎಣಿಸಿ ಕೊಡಲೇಬೇಕು. ಕೊರೆಯುವವನಿಗೆ ಕೂಲಿ ನಿಶ್ಚಿತ, ಕೊರೆಸುವವನದು ಪಣ.

ಈ ಸಣ್ಣ ಸತ್ಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ತೈಲ ಮತ್ತು ಅನಿಲ ಬಾವಿಗಳ ದೊಡ್ಡ ವ್ಯವಹಾರವೂ ಅರ್ಥವಾಗುತ್ತದೆ. ಇಂದು ನಮ್ಮ ಅನೇಕ ಮನೆಗಳ ಉಳಿತಾಯ ಷೇರು ಮತ್ತು ಮ್ಯೂಚುವಲ್ ಫಂಡುಗಳ ಮೂಲಕ ತೈಲ ಕಂಪನಿಗಳನ್ನು ತಲುಪುತ್ತಿರುವುದರಿಂದ ಇದನ್ನು ತಿಳಿಯುವುದು ಅವಶ್ಯ.

ಕಲ್ಲಿನ ಗುಟ್ಟು

ಬೆಂಗಳೂರಿನ ಅಡಿಯಲ್ಲಿರುವುದು ಗ್ನೈಸ್ ಎಂಬ ಗಟ್ಟಿ ಶಿಲೆ. ಲಾಲ್‌ಬಾಗಿನ ಬಂಡೆಯೂ ಅದೇ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇದರ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆದುದರಿಂದಲೇ ಒಂದು ನಿವೇಶನದಲ್ಲಿ ನೀರು ಬಂದು, ಪಕ್ಕದ ನಿವೇಶನ ಬರಡಾಗುತ್ತದೆ. ಬಂದ ನೀರೂ ಶಾಶ್ವತವಲ್ಲ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಕೊಳವೆಬಾವಿಗಳ ಪೈಕಿ 6,900 ಬತ್ತಿವೆಯೆಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ತಿಳಿಸಿದ್ದರು.

ತೈಲ ಇಂತಹ ಶಿಲೆಯಲ್ಲಿ ಹುಟ್ಟುವುದಿಲ್ಲ. ಪ್ರಾಚೀನ ಸಮುದ್ರ ಸರೋವರಗಳ ತಳದಲ್ಲಿ ಕೆಸರಿನೊಡನೆ ಹೂತುಹೋದ ಸೂಕ್ಷ್ಮಜೀವಿಗಳು ಕೋಟ್ಯಂತರ ವರ್ಷ ಭೂಮಿಯ ಬಿಸಿಗೆ ಬೆಂದು ತೈಲವಾಗುತ್ತವೆ, ಅನಿಲವಾಗುತ್ತವೆ. ಅಸ್ಸಾಮಿನ ದಿಗ್ಬೋಯ್, ರಾಜಸ್ಥಾನದ ಬಾಡಮೇರ್, ಆಂಧ್ರದ ಕೃಷ್ಣಾ-ಗೋದಾವರಿ ಕರಾವಳಿ ಇಂತಹ ಪ್ರದೇಶಗಳು.

ಅಲ್ಲಿ ಮೊದಲು ನೆಲದೊಳಕ್ಕೆ ಕಂಪನಗಳನ್ನು ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಪದರಗಳ ನಕ್ಷೆ ಬರೆಯುತ್ತಾರೆ. ಬಳಿಕ ತಿರುಗುವ ಉಳಿಯಿಂದ ಕೊರೆಯುತ್ತಾರೆ. ವಿಶೇಷವಾಗಿ ಹದಗೊಳಿಸಿದ ಕೆಸರು ಕೊಳವೆಯೊಳಗೆ ಇಳಿದು, ಕಲ್ಲಿನ ಚೂರುಗಳನ್ನು ಹೊತ್ತು ಮೇಲೇರುತ್ತದೆ. ತನ್ನ ಭಾರದಿಂದ ಒಳಗಿನ ಅನಿಲದ ಒತ್ತಡವನ್ನೂ ತಡೆಹಿಡಿಯುತ್ತದೆ. ಇಷ್ಟೆಲ್ಲ ವಿಜ್ಞಾನವಿದ್ದರೂ ಉಳಿ ಆ ಪದರವನ್ನು ಮುಟ್ಟುವವರೆಗೆ ಒಳಗೇನಿದೆಯೆಂದು ಖಚಿತವಾಗಿ ಹೇಳಬಲ್ಲವರಿಲ್ಲ.

ಸಿಕ್ಕ ಮೇಲೂ ಭಯ

ಕಾಕಿನಾಡದ ಆಚೆಯ ಸಮುದ್ರದಲ್ಲಿ 2002ರಲ್ಲಿ ರಿಲಯನ್ಸ್ ಕಂಪನಿಗೆ ದೊಡ್ಡ ಅನಿಲ ನಿಕ್ಷೇಪ ದೊರೆಯಿತು. 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಆರಂಭವಾಯಿತು. ದಿನಕ್ಕೆ 8 ಕೋಟಿ ಘನ ಮೀಟರ್ ಅನಿಲದ ಗುರಿಯಿತ್ತು. 2010ರಲ್ಲಿ ಸುಮಾರು 6 ಕೋಟಿಯ ಮಟ್ಟ ಮುಟ್ಟಿದ ಉತ್ಪಾದನೆ ಅನಂತರ ಇಳಿಯುತ್ತಲೇ ಹೋಯಿತು. ಬಾವಿಗಳಿಗೆ ನೀರು ಮರಳು ನುಗ್ಗಿತು. ಭೂಗರ್ಭ ನಾವೆಣಿಸಿದಷ್ಟು ಸರಳವಲ್ಲವೆಂದು ಕಂಪನಿ ಹೇಳಿತು. ಒಪ್ಪಿದಷ್ಟು ಬಾವಿಗಳನ್ನೇ ಕೊರೆದಿಲ್ಲವೆಂದು ಸರ್ಕಾರ ಆಕ್ಷೇಪಿಸಿತು. 2020ರ ಫೆಬ್ರವರಿಯಲ್ಲಿ ಆ ಮೊದಲ ಕ್ಷೇತ್ರ ನಿಂತೇಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಮೀಪದ ಬೇರೊಂದು ಕ್ಷೇತ್ರದಿಂದ ಅನಿಲ ಬರತೊಡಗಿತು.

ಅದೃಷ್ಟ ಮತ್ತೊಂದು ಬಗೆಯಲ್ಲೂ ಆಡುತ್ತದೆ. ಬಾಡಮೇರ್ ಪ್ರದೇಶದಲ್ಲಿ ತನಗಿದ್ದ ಪಾಲನ್ನು ಷೆಲ್‌ನಂತಹ ದೈತ್ಯ ಕಂಪನಿ ಕೇರ್ನ್‌ಗೆ ಮಾರಿತು. 2004ರಲ್ಲಿ ಅಲ್ಲಿಯೇ ಮಂಗಳಾ ಎಂಬ ಭಾರಿ ತೈಲಕ್ಷೇತ್ರ ಪತ್ತೆಯಾಯಿತು! ಇನ್ನು ಬೆಲೆಯ ಮಾತು: 2020ರ ಏಪ್ರಿಲ್ 20ರಂದು ಅಮೆರಿಕದ ವಾಯಿದೆ ಮಾರುಕಟ್ಟೆಯಲ್ಲಿ ಕಚ್ಚಾತೈಲದ ದರ ಸೊನ್ನೆಗಿಂತಲೂ ಕೆಳಗಿಳಿದಿತ್ತು.

ಭೂಮಿಯ ಅನಿಶ್ಚಯ, ಮನುಷ್ಯನ ವಂಚನೆ

ಇವೆಲ್ಲ ಭೂಮಿಯ ಮತ್ತು ಪೇಟೆಯ ಅನಿಶ್ಚಯಗಳು. ದೊಡ್ಡ ಕಂಪನಿ ಹತ್ತು ಕಡೆ ಕೊರೆದು, ಒಂದರ ನಷ್ಟವನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಲ್ಲದು. ಒಂದೇ ಬಾವಿಗೆ ಮನೆಯ ಉಳಿತಾಯವನ್ನೆಲ್ಲ ಸುರಿದ ಗೃಹಸ್ಥನಿಗೆ ಆ ಆಸರೆಯಿಲ್ಲ. ಅಮೆರಿಕದಲ್ಲಿ ಖಾಸಗಿ ತೈಲಬಾವಿಗಳ ಪಾಲುಗಳನ್ನು ಮನೆಮಂದಿಗೆ ಮಾರುವ ಪರಿಪಾಠವಿದೆ. ಅವುಗಳಲ್ಲಿ ಮೋಸ ಹೆಚ್ಚೆಂದು ಅಲ್ಲಿನ ಷೇರು ನಿಯಂತ್ರಣ ಮಂಡಳಿಯೇ ಎಚ್ಚರಿಸಿದೆ. ಮಕ್ಕಳು ಅಲ್ಲಿ ನೆಲೆಸಿರುವ ಕುಟುಂಬಗಳು ಇದನ್ನು ಗಮನಿಸಬೇಕು.

ವಂಚನೆಗೆ ತೈಲಬಾವಿಯೇ ಬೇಕೆಂದಿಲ್ಲ. 2019ರ ಜೂನ್‌ನಲ್ಲಿ ನಮಗೆ ಸಮೀಪದ ಶಿವಾಜಿನಗರದ ಐ.ಎಂ.ಎ. ಸಂಸ್ಥೆ ಬಾಗಿಲು ಮುಚ್ಚಿದಾಗ ಸಾವಿರಾರು ಕುಟುಂಬಗಳು ದೂರು ಹಿಡಿದು ಸಾಲುಗಟ್ಟಿ ನಿಂತವು. ಅವರನ್ನು ಸೆಳೆದದ್ದು ತಿಂಗಳು ತಿಂಗಳೂ ಲಾಭ ಬರುವುದೆಂಬ ಮಾತು. ಬಾವಿಯ ಇಳುವರಿ ತಿಂಗಳಿಂದ ತಿಂಗಳಿಗೆ ಬದಲಾಗುವಾಗ ತಪ್ಪದೆ ಒಂದೇ ಮೊತ್ತ ಕೊಡುವೆನೆನ್ನುವ ಮಾತನ್ನು ನಂಬುವುದೆಂತು?

ಆದುದರಿಂದ ಹಣ ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳೋಣ. ಕೊರೆಯಲು ಸರ್ಕಾರದ ಪರವಾನಿಗೆ ಯಾರ ಹೆಸರಿನಲ್ಲಿದೆ? ಹಣ ಸಂಗ್ರಹಿಸುವವರು ಸೆಬಿಯಲ್ಲಿ ನೋಂದಾಯಿಸಿದ್ದಾರೆಯೆ? ಅಲ್ಲಿ ತೈಲ ಈಗಾಗಲೇ ಬರುತ್ತಿದೆಯೋ, ಬರಬಹುದೆಂಬ ಅಂದಾಜೋ? ಬಾವಿ ಬರಡಾದರೆ ಹಣ ತಂದವನಿಗೆ ನಷ್ಟವಿದೆಯೋ, ಅವನ ಕೂಲಿ ಮೊದಲೇ ಸಂದಾಯವಾಗಿದೆಯೋ? ಕೊನೆಯದಾಗಿ, ಈ ಹಣ ಪೂರ್ತಿ ಹೋದರೂ ಮಕ್ಕಳ ವಿದ್ಯೆ, ಹಿರಿಯರ ಔಷಧಿ ನಿಲ್ಲದಷ್ಟೇ ಮೊತ್ತವೆ?

ಕಡೆಯ ಪ್ರಶ್ನೆಗೆ ಉತ್ತರ ಹೊರಗಿನವರಿಂದ ದೊರೆಯದು. ಮನೆಯವರೆಲ್ಲ ಕುಳಿತು ಕಂಡುಕೊಳ್ಳಬೇಕು. ಕಾಯಕದಿಂದ ಗಳಿಸಿದ ಹಣ ಮನೆಯೊಡತಿಗೂ ಸೇರಿದ್ದು. ಕೊಳವೆಬಾವಿಯ ಲಾರಿ ಬರುವ ಮುನ್ನ ಮನೆಯಲ್ಲಿ ಎಲ್ಲರೊಡನೆ ಮಾತನಾಡುವ ನಾವು, ಕಾಣದ ಊರಿನ ಬಾವಿಗೆ ಹಣ ಕಳುಹಿಸುವ ಮುನ್ನವೂ ಮಾತನಾಡಬೇಡವೆ?