ಝೈಫನ್ನಿನ ಕಿಟಕಿಗಳು, ಚನ್ನಪಟ್ಟಣದ ಲೇತು

ಜರ್ಮನಿಗೆ ಹೋಗಿ ಬಂದವರನ್ನು ಅಲ್ಲಿನ ರೀತಿ ರಿವಾಜು ಹೇಗೆ ಎಂದು ಕೇಳಿದರೆ ಮೊದಲು ಸಮಯಪಾಲನೆಯ ಮಾತು ಬರುತ್ತದೆ, ಆಮೇಲೆ ಬಿಯರಿನದು. ಎರಡೂ ಸವೆದ ಮಾತು. ಚನ್ನಪಟ್ಟಣದ ಕಲಾನಗರದಲ್ಲೋ ನೀಲಸಂದ್ರದಲ್ಲೋ ಗೊಂಬೆ ಕಡೆಯುವವರೊಬ್ಬರು ಡಿಸೆಂಬರಿನಲ್ಲಿ ಅಲ್ಲಿಗೆ ಹೋದರೆ ಅವರ ಕಣ್ಣು ನಿಲ್ಲುವುದು ಬೇರೆ ಕಡೆ. ಕಿಟಕಿ, ಮೇಜು, ಗೂಡು, ಎಲ್ಲಿ ನೋಡಿದರೂ ಲೇತಿನಲ್ಲಿ ಕಡೆದ ಮರ.

ಇದರ ತವರು ಜರ್ಮನಿಯ ಪೂರ್ವಕ್ಕೆ, ಝೆಕ್ ಗಡಿಗೆ ಅಂಟಿಕೊಂಡಿರುವ ಝೈಫನ್ ಎಂಬ ಪುಟ್ಟ ಊರು. ಸ್ಯಾಕ್ಸನಿ ರಾಜ್ಯದ ಏರ್ಟ್ಸ್‌ಗೆಬಿರ್ಗ ಬೆಟ್ಟಸಾಲಿನ ಊರದು. ಈ ಸೀಮೆಯ ಫ್ರೈಬರ್ಗ್ ಬಳಿ 1168ರಲ್ಲಿ ಬೆಳ್ಳಿ ಸಿಕ್ಕಿತು. ಝೈಫನ್ನಿನಲ್ಲಿ ತೆಗೆಯುತ್ತಿದ್ದುದು ತವರ. ಶತಮಾನಗಳ ಕಾಲ ನೆಲ ಅಗೆದು ಬದುಕಿದ ಜನ, ಗಣಿ ಬರಿದಾಗುತ್ತ ಬಂದ ಹಾಗೆ ಕಾಡಿನ ಮರಕ್ಕೆ ಕೈಹಾಕಿದರು. ತಟ್ಟೆ, ಗುಂಡಿ ಕಡೆಯುತ್ತಿದ್ದವರು ಆಟಿಕೆಗೆ ಇಳಿದರು. ಗಣಿಗಾರಿಕೆಯ ಆ ಪ್ರದೇಶ 2019ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಂದ ಕೂಡಿದ ಅಡ್ವೆಂಟ್ ಕಾಲ ಹತ್ತಿರವಾದಾಗ ಅಲ್ಲಿನ ಮನೆಗಳಲ್ಲಿ ಅಟ್ಟದಿಂದ ಪೆಟ್ಟಿಗೆಗಳು ಇಳಿಯುತ್ತವೆ. ಹಳೇ ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನವರಾತ್ರಿಗೆ ನಾವು ಮಾಡುವುದೂ ಇದನ್ನೇ. ಕಾಗದ ಬಿಚ್ಚಿ, ಧೂಳು ಒರೆಸಿ, ಅಜ್ಜಿಯ ಕಾಲದ್ದು ಯಾವುದು, ಹೋದ ವರ್ಷ ಕೊಂಡದ್ದು ಯಾವುದು ಎಂದು ಮಕ್ಕಳಿಗೆ ಹೇಳುತ್ತ ಒಂದೊಂದನ್ನೇ ಜೋಡಿಸುವುದು. ನಮ್ಮಲ್ಲಿ ಮದುಮಗಳ ಜೊತೆ ಪಟ್ಟದ ಗೊಂಬೆ ಹೋದರೆ, ಅಲ್ಲಿ ಕಿಟಕಿಯಲ್ಲಿ ಮನೆಯ ಹೆಣ್ಣುಮಕ್ಕಳ ಲೆಕ್ಕಕ್ಕೆ ಒಂದೊಂದು ಮರದ ದೇವದೂತೆ, ಗಂಡುಮಕ್ಕಳ ಲೆಕ್ಕಕ್ಕೆ ಒಬ್ಬೊಬ್ಬ ಗಣಿಗಾರ. ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಸಂಜೆ ಬೀದಿಯಲ್ಲಿ ನಡೆದರೆ ಯಾವ ಮನೆಯಲ್ಲಿ ಎಷ್ಟು ಮಕ್ಕಳು ಎಂಬುದನ್ನು ಕಿಟಕಿಯಲ್ಲೇ ಎಣಿಸಬಹುದು!

ಕಿಟಕಿಗೇ ಯಾಕೆ ದೀಪ? ಚಳಿಗಾಲದಲ್ಲಿ ಗಣಿಯವರು ಬೆಳಕು ಹರಿಯುವ ಮುಂಚೆ ಕೆಳಗಿಳಿದು ಕತ್ತಲಾದ ಮೇಲೆ ಮೇಲೆ ಬರುತ್ತಿದ್ದರು; ದೀಪದ ಹಂಬಲ ಅಲ್ಲಿಂದ ಬಂತು ಎನ್ನುತ್ತಾರೆ ಊರವರು. ಬಾಯಲ್ಲಿ ಹೊಗೆ ಬಿಡುವ ಮರದ ಮುದುಕನೂ ಆ ಸಾಲಿನಲ್ಲಿ ಇರುತ್ತಾನೆ. ಅವನ ಹೊಟ್ಟೆಯೊಳಗೆ ಧೂಪದ ಚಿಕ್ಕ ಗೋಪುರ ಹಚ್ಚಿಟ್ಟರೆ ಹೊಗೆ ಬಾಯಿಂದ ಬರುತ್ತದೆ. ಜಗತ್ತೆಲ್ಲ ಬಲ್ಲ, ದವಡೆ ತೆರೆದ ಕಾಯಿ ಒಡೆಯುವ ರಾಜನ ಗೊಂಬೆಗೆ ಈಗಿನ ರೂಪ ಕೊಟ್ಟವರು ಇದೇ ಝೈಫನ್ನಿನ ವಿಲ್‌ಹೆಲ್ಮ್ ಫ್ಯೂಕ್ಟ್‌ನರ್, 1870ರ ಸುಮಾರಿಗೆ.

ಚನ್ನಪಟ್ಟಣದವರು ನಿಜಕ್ಕೂ ಬೆರಗಾಗುವಂಥದ್ದು ಅಲ್ಲಿನ ಉಂಗುರದ ಕಡೆತ. ಹಸಿ ಸ್ಪ್ರೂಸ್ ದಿಮ್ಮಿಯಿಂದ ಕೊಯ್ದ ದಪ್ಪ ಬಿಲ್ಲೆಯನ್ನು ಲೇತಿಗೆ ಬಿಗಿದು, ಉಳಿಯಿಂದ ಒಂದು ಮಗ್ಗುಲು ಕೊರೆದು, ತಿರುಗಿಸಿ ಇನ್ನೊಂದು ಮಗ್ಗುಲು ಕೊರೆಯುತ್ತಾರೆ. ಕೊನೆಗೆ ಸಿಗುವುದು ಉಬ್ಬುತಗ್ಗಿನ ಒಂದು ಉಂಗುರ. ನೋಡಿದರೆ ಏನೆಂದೇ ಹೊಳೆಯದು. ಅದನ್ನು ಚಾಕುವಿನಿಂದ ಹೋಳು ಹೋಳಾಗಿ ಸೀಳಿದಾಗ ಪ್ರತಿ ಹೋಳಿನಲ್ಲೂ ಒಂದು ಹಸು, ಅಥವಾ ಕುದುರೆ. ಉಳಿ ಹಿಡಿದವನಿಗೆ ಕೆಲಸ ಮುಗಿಯುವ ತನಕ ಪ್ರಾಣಿಯ ಆಕಾರ ಕಾಣುವುದಿಲ್ಲ, ಎಲ್ಲ ಅಂದಾಜಿನಲ್ಲೇ. ಈ ವಿದ್ಯೆ ಬಲ್ಲವರು ಇಂದು ಬೆರಳೆಣಿಕೆಯಷ್ಟು.

ಚನ್ನಪಟ್ಟಣದ ಚಳಕ ಬಣ್ಣದಲ್ಲಿದೆ. ತಿರುಗುತ್ತಿರುವ ಹಾಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದರೆ ಕನ್ನಡಿಯ ಹೊಳಪು. ಬ್ರಷ್ಷು ಬೇಡ, ಒಣಗಲು ಕಾಯುವುದೂ ಬೇಡ.

ಗೊಂಬೆಯಾಚೆಗೂ ಜರ್ಮನಿಯ ರಿವಾಜುಗಳಿವೆ. ಇಲ್ಲಿನ ಬಿಡದಿಯಲ್ಲಿ ಬಾಷ್ ಕಂಪನಿಯ ಕಾರ್ಖಾನೆ ಇದೆ. ಅದರ ಮೂಲ ಸ್ಟುಟ್‌ಗಾರ್ಟ್. ಕೆಲಸದ ಮೇಲೆ ಆ ಊರಿಗೆ ಹೋಗಿ ಬಾಡಿಗೆಗೆ ಮನೆ ಹಿಡಿದ ಇಂಜಿನಿಯರರ ಬಾಗಿಲಿಗೆ ಒಂದು ದಿನ ಚಿಕ್ಕ ಹಲಗೆಯೊಂದು ನೇತುಬೀಳಬಹುದು. ಈ ವಾರ ಮೆಟ್ಟಿಲು, ಬಾಗಿಲ ಮುಂದಿನ ದಾರಿ ಗುಡಿಸುವ ಸರದಿ ನಿಮ್ಮದು ಎಂದು ಅದರರ್ಥ. ಗುಡಿಸಿ ಮುಗಿಸಿ ಹಲಗೆಯನ್ನು ಪಕ್ಕದವರ ಬಾಗಿಲಿಗೆ ದಾಟಿಸಬೇಕು. ಊರು ಚೊಕ್ಕಟ ಇಡುವ ಈ ಕಟ್ಟಳೆಯ ಬೇರನ್ನು 1492ರ ನಗರ ಶಾಸನದವರೆಗೆ ಹುಡುಕುತ್ತಾರೆ. ದಿನಾ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಮಾಗಡಿ, ಕನಕಪುರದವರಿಗೆ ಗುಡಿಸುವುದು ಹೊಸದಲ್ಲ. ಇಂಜಿನಿಯರ್ ಸಾಹೇಬರೇ ಪೊರಕೆ ಹಿಡಿಯಬೇಕಲ್ಲ, ಅದು ಹೊಸದು.

ಭಾನುವಾರದ ಮೌನ ಇನ್ನೊಂದು ರಿವಾಜು. ಆ ದಿನದ ವಿಶ್ರಾಂತಿಯನ್ನು 1919ರ ವೈಮರ್ ಸಂವಿಧಾನವೇ ಬರೆದಿಟ್ಟಿತ್ತು, 1949ರ ಸಂವಿಧಾನವೂ ಹಾಗೇ ಉಳಿಸಿಕೊಂಡಿತು. ಅಂಗಡಿ ಮುಚ್ಚಿರುತ್ತವೆ. ಗೋಡೆಗೆ ಡ್ರಿಲ್ ಹಾಕಿದರೆ ಪಕ್ಕದವರು ಬಂದು ಬಾಗಿಲು ತಟ್ಟುತ್ತಾರೆ. ಇನ್ನು ಹುಟ್ಟುಹಬ್ಬಕ್ಕೆ ಕೇಕು ತರಬೇಕಾದವರು ಹುಟ್ಟುಹಬ್ಬದವರೇ. ಒಂದು ದಿನ ಮುಂಚೆ ಶುಭಾಶಯ ಹೇಳಿದರೆ ಅಪಶಕುನ. ಒಂದನೇ ತರಗತಿಗೆ ಸೇರುವ ಮಗುವಿನ ಕೈಗೆ ಅದರ ಎದೆಯುದ್ದದ ಕಾಗದದ ಪೊಟ್ಟಣ, ಒಳಗೆ ಮಿಠಾಯಿ, ಪೆನ್ಸಿಲ್ಲು.

ಈ ಪಟ್ಟಿ ಬೆಳೆಸಬಹುದು. ಗಮನಿಸಬೇಕಾದದ್ದು ಇಷ್ಟು: ಅಲ್ಲಿ ಬಹುಪಾಲು ಪದ್ಧತಿಗೆ ಒಂದು ತಾರೀಕು ಇದೆ, ಕೈಗೆ ಹಿಡಿಯುವ ಒಂದು ವಸ್ತುವೂ ಇದೆ. ಆ ತಾರೀಕಿಗೆ ಆ ವಸ್ತು ಬೇಕೇ ಬೇಕು. ಝೈಫನ್ನಿನ ಲೇತುಗಳು ತಿರುಗುತ್ತಿರುವುದು ಈ ಬಲದ ಮೇಲೆ. ಮರದ ಆಟಿಕೆ ಮಾಡುವುದು ಅಲ್ಲಿ ಸರ್ಕಾರ ಮಾನ್ಯ ಮಾಡಿದ ಕಸುಬು. ಮೂರು ವರ್ಷ ಕಲಿತು ಪರೀಕ್ಷೆಗೆ ಕೂರಬೇಕು. ಅಡ್ವೆಂಟ್ ಬಂತೆಂದರೆ ಬಸ್ಸುಗಟ್ಟಲೆ ಜನ ಆ ಊರನ್ನೇ ಹುಡುಕಿಕೊಂಡು ಬೆಟ್ಟ ಹತ್ತುತ್ತಾರೆ.

ಚನ್ನಪಟ್ಟಣದ ವ್ಯಾಪಾರ ನಿಂತದ್ದು ಹಬ್ಬಕ್ಕಿಂತ ಹೆಚ್ಚಾಗಿ ಹೆದ್ದಾರಿಯ ಮೇಲೆ. ಮೈಸೂರಿಗೆ ಹೋಗುವವರು ಕಾರು ನಿಲ್ಲಿಸಿ, ಮಗುವಿಗೊಂದು ಗಿಲಕಿಯೋ ಬುಗುರಿಯೋ ಕೊಂಡು ಮುಂದೆ ಹೋಗುತ್ತಿದ್ದರು. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಗಿ ವಾಹನಗಳು ಊರ ಹೊರಗಿನಿಂದಲೇ ಸಾಗತೊಡಗಿದಾಗ ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ದಸರಾ ಗೊಂಬೆಯ ಸಾಲಿನಲ್ಲಿ ಚನ್ನಪಟ್ಟಣದ್ದೂ ಒಂದೆರಡು ಇರುತ್ತವೆ. ಆದರೆ ಅದಿಲ್ಲದೆ ಸಾಲು ಪೂರ್ತಿಯಾಗದು ಎಂದು ಯಾರೂ ಹೇಳುವುದಿಲ್ಲ. ದೇವದೂತೆ, ಗಣಿಗಾರರಿಲ್ಲದ ಕಿಟಕಿಯನ್ನು ಝೈಫನ್ನಿನವರು ಕಿಟಕಿ ಎಂದೇ ಒಪ್ಪುವುದಿಲ್ಲ.